ದಿಣ್ಣೆ ಹತ್ತುವಾಗಿನ ಸದ್ದು

‘ಎಂಜಿನ್ ಆನ್ ಇದೆಯೋ ಇಲ್ಲವೋ ಗೊತ್ತೇ ಆಗಲ್ಲ ಸಾರ್’ ಎಂದು ಷೋರೂಮಿನವನು ಹೊಸ ಕಾರಿನ ಕೀ ಕೈಗಿಟ್ಟ. ತನ್ನನ್ನು ಕೇಳದೆ ಇದನ್ನು ಬುಕ್ ಮಾಡಿದೆನೆಂದು ಹೆಂಡತಿ ನನ್ನೊಡನೆ ಮಾತು ಬಿಟ್ಟಿದ್ದಳು. ಸದ್ದಿಲ್ಲದ ಮನೆಗೆ ಸದ್ದಿಲ್ಲದ ಕಾರು. ನಗಬೇಡಿ, ಇದು ನಮ್ಮ ವಂಶದ ಗುಣ.

ಬಿಡದಿ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲದಲ್ಲಿ ನಮ್ಮ ದೊಡ್ಡಪ್ಪ ರಸ್ತೆ ಬದಿಯ ರಾಗಿ ಹೊಲ ಮಾರಿ ಒಂದು ಹಳೆಯ ಕಾರು ತಂದರು. ದೊಡ್ಡಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ಆಕೆ ಆ ಕಾರು ಹತ್ತಲಿಲ್ಲ, ಗಂಡನೊಡನೆ ಮಾತೂ ಆಡಲಿಲ್ಲ. ಆದರೂ ಮುದ್ದೆ ಮಾತ್ರ ಬಿಸಿಯಾಗಿಯೇ ತಟ್ಟೆಗೆ ಬೀಳುತ್ತಿತ್ತು. ಗುಟ್ಟು ಎಂಜಿನ್ನಿನದು. ಊರ ಮುಂದಿನ ದಿಣ್ಣೆ ಹತ್ತುವಾಗ ಅದು ಡಬ್ಬಕ್ಕೆ ಗೋಲಿ ಹಾಕಿ ಕುಲುಕಿದಂತೆ ಬಡಿದುಕೊಳ್ಳುತ್ತಿತ್ತು. ಅದು ಕಿವಿಗೆ ಬಿದ್ದೊಡನೆ ದೊಡ್ಡಮ್ಮ ಕುದಿಯುವ ಎಸರಿಗೆ ಹಿಟ್ಟು ಸುರಿಯುತ್ತಿದ್ದರು.

“ಮಾತಾಡ್ದಿದ್ರೇನ್ಲಾ, ಮುದ್ದೆ ಬತ್ತದಲ್ಲ” ಎಂದು ದೊಡ್ಡಪ್ಪ ನನ್ನೆದುರು ಜಂಬ ಕೊಚ್ಚುತ್ತಿದ್ದರು. ಕಾಲೇಜಿನ ರಜೆಯಲ್ಲಿ ಪಕ್ಕದ ಸೀಟು ನನ್ನದೇ. ಜಂಬದ ಹಿಂದಿನ ಸಂಕಟ ನನಗೆ ಕಾಣುತ್ತಿತ್ತು.

ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಕಾರು ನಿಂತರೆ ಸಾಕು, ಕಾರು ಕಾರ್ಖಾನೆಯ ಯೂನಿಫಾರಂ ತೊಟ್ಟ ನಮ್ಮೂರ ಹುಡುಗರು ಮುತ್ತಿಕೊಳ್ಳುತ್ತಿದ್ದರು. ಬಾಗಿಲು ಜೋಡಿಸುವವನು ಬಾಗಿಲು ಅಲ್ಲಾಡುತ್ತಿದೆ ಎಂದ. ಬಣ್ಣ ಹೊಡೆಯುವವನಿಗೆ ತುಕ್ಕಿನ ಮೇಲೆ ಅನುಮಾನ. ಎಂಜಿನ್ ಸೆಕ್ಷನ್ನಿನವನು ಯಾವಾಗ ಕೇಳಿದರೂ ರಜೆ.

ಕೊನೆಗೆ ಆ ಬಡಿತದ ಕಾರಣ ತಿಳಿಯಲು ಮೆಕ್ಯಾನಿಕ್ ರಾಜಣ್ಣ ಒಂದು ಏರಿನಲ್ಲಿ ಓಡಿಸಿ ನೋಡಿದ. “ಕಿಡಿ ಒಸಿ ಮುಂಚೇನೆ ಹಾರ್ತಾ ಐತೆ ಕಣಣ್ಣ. ಅದ್ಕೇ ಭಾರ ಬಿದ್ದಾಗ ಬಡ್ಕಳ್ತದೆ. ಹಿಂಗೇ ಓಡ್ಸುದ್ರೆ ಪಿಸ್ಟನ್ ತೂತು ಬೀಳ್ತದೆ.” ಹೊತ್ತಿಗೆ ಮುಂಚೆ ಹಾರುವುದು ದೊಡ್ಡಪ್ಪನ ಅಭ್ಯಾಸವೂ ಹೌದು ಎಂದು ನಾನು ಬಾಯಿ ಬಿಡಲಿಲ್ಲ. ರಾಜಣ್ಣ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿ ಬಿಗಿ ಮಾಡಿದ. ಸದ್ದು ನಿಂತಿತು.

ಆ ಮಧ್ಯಾಹ್ನ ಕಾರು ಮೆತ್ತಗೆ ದಿಣ್ಣೆ ಹತ್ತಿತು. ದೊಡ್ಡಪ್ಪ ಕೈಕಾಲು ತೊಳೆದು ಕೂತರು. ತಟ್ಟೆ ಬರಲಿಲ್ಲ. ಕೆಮ್ಮಿದರು. ಆಗಲೂ ಬರಲಿಲ್ಲ. ಹಾರನ್ ಹೊಡೆಯಲೇ ಎಂದು ಕೇಳಿದೆ.

“ಹೆಂಡ್ತಿಗೆ ಹಾರನ್ ಹೊಡೀತಾರೇನ್ಲಾ? ಮರ್ವಾದೆ ಬ್ಯಾಡ್ವಾ?”

ಹಸಿವು ಮರ್ಯಾದೆಗಿಂತ ಗಟ್ಟಿ. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. “ಬಂದಿವ್ನಿ ಕಣಮ್ಮಿ” ಎಂದರು. ಹಾಗೇ ಬಾಗಿಲು ಹಿಡಿದು, “ಹೊಲ ಮಾರೋವಾಗ ನಿನ್ನ ಒಂದ್ ಮಾತ್ ಕೇಳ್ಬೇಕಿತ್ತು.”

ದೊಡ್ಡಮ್ಮ ಎಸರಿನ ಮುಚ್ಚಳ ತೆಗೆದರು. “ಇಷ್ಟು ಹೇಳಾಕೆ ಕಾರು ರಿಪೇರಿ ಆಗ್ಬೇಕಿತ್ತಾ? ಒಸಿ ತಡ್ಕಳಿ, ಹಿಟ್ಟು ಹಾಕ್ತೀನಿ.”

ಹೊಸ ಕಾರನ್ನು ಗೇಟಿನ ಬಳಿ ನಿಲ್ಲಿಸಿದೆ. ನಾನು ಬಂದದ್ದು ಒಳಗೆ ಕೇಳಿಸಿರಲಿಲ್ಲ. ಕೈ ಹಾರನ್ ಮೇಲಿತ್ತು, ತೆಗೆದೆ. ಇಳಿದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು “ಬಂದಿದೀನಿ ಕಣೇ” ಎಂದೆ. ಇನ್ನೊಂದು ಮಾತು ಬಾಕಿಯಿತ್ತು. ಅದನ್ನೂ ಹೇಳಿದೆ.