ದೂಜನ ಗಾಳಿ ಪಂಪು

ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ, ರಸ್ತೆ ತಿರುಗುವಲ್ಲಿದ್ದ ಒಂದು ಉಡುಪಿ ಹೊಟೇಲಿನಲ್ಲಿ ದೂಜ ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಮೇಜು ಒರೆಸಿದ. ಅಂಥವನ ಬಗ್ಗೆ ಬರೆಯುವುದಕ್ಕೆ ಏನಿದೆ ಎಂದು ಕೇಳುವವರಿದ್ದಾರೆ. ಕೇಳಲಿ. ಅವರು ತಿಂದೆದ್ದ ಮೇಜನ್ನೂ ಅವನು ಒಂದಲ್ಲ ಒಂದು ದಿನ ಒರೆಸಿರಬಹುದು. ಅವರು ಮುಖ ನೋಡಿರಲಿಕ್ಕಿಲ್ಲ, ಅಷ್ಟೇ.

ಮೂಡಬಿದ್ರೆ ಕಡೆಯಿಂದ ಮುಂಬಯಿಗೆ ಬಂದಾಗ ಅವನಿಗೆ ಇಪ್ಪತ್ತೆರಡು. ಅವನ ಜೊತೆಗೆ ಸೇರಿದವರು ಗ್ಲಾಸು ತೊಳೆಯುವುದರಿಂದ ಸಪ್ಲೈಗೆ, ಸಪ್ಲೈಯಿಂದ ದುಡ್ಡಿನ ಗಲ್ಲಕ್ಕೆ ಹತ್ತಿದರು. ಒಬ್ಬನಂತೂ ಬೊರಿವಲಿಯಲ್ಲಿ ಸ್ವಂತ ಹೊಟೇಲನ್ನೇ ತೆರೆದ. ದೂಜ ಇದ್ದಲ್ಲೇ ಇದ್ದ. ಅವನ ಜಾತಿ ಯಾವುದೆಂದು ಊರಿನ ಕಡೆಯವರಿಗೆಲ್ಲ ಗೊತ್ತಿತ್ತು. ಮುಂಬಯಿಯಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ ಎಂದು ಹೇಳುತ್ತಲೇ ಧಣಿ ಅಣ್ಣು ಭಟ್ಟರು ಅವನನ್ನು ಅಡುಗೆಮನೆಯ ಹೊಸ್ತಿಲಿನಿಂದ ಈಚೆಗೇ ಇಟ್ಟುಕೊಂಡರು. ಭಟ್ಟರು ಬೈದವರಲ್ಲ, ಕೈಯೆತ್ತಿದವರಲ್ಲ, ಹಬ್ಬಕ್ಕೆ ಹೊಸ ಬಟ್ಟೆ ಕೊಟ್ಟವರು. ಮೇಜು ಒರೆಸುವ ಬಟ್ಟೆಗಳನ್ನು ಮಾತ್ರ ಹೊಟೇಲಿನಲ್ಲಿ ಒಗೆಯಬಾರದು, ದೂಜ ಮನೆಗೆ ಒಯ್ದು ಹೆಂಡತಿಯಿಂದ ಒಗೆಸಿಕೊಂಡು ಬರಬೇಕು ಎಂಬುದು ಅವರ ಕಟ್ಟಳೆ.

ವರ್ಷಕ್ಕೊಮ್ಮೆ, ಮಹಾನವಮಿಯ ಆಯುಧಪೂಜೆಯ ದಿನ, ದೂಜ ಎಲ್ಲಿ ನಿಂತಿದ್ದಾನೆ ಎಂಬುದು ಕಣ್ಣಿಗೆ ಕಾಣುವಂತೆ ಆಗುತ್ತಿತ್ತು. ರುಬ್ಬುವ ಮೆಷಿನನ್ನು ನಿಲ್ಲಿಸಿ, ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ಅದರ ಮುಂದೆ ಅಡುಗೆಯವರ ಸೌಟು, ದೋಸೆ ಮಗುಚುವ ಸಟ್ಟುಗ, ಸಪ್ಲೈಯವರ ತಟ್ಟೆ, ಗಲ್ಲದವನ ಪೆನ್ನು. ಪೂಜೆಯಾದ ಮೇಲೆ ಆಯುಧಕ್ಕೆ ವಿಶ್ರಾಂತಿ. ಮಾರನೆಯ ದಿನ ದಶಮಿಗೆ ಎತ್ತುವ ತನಕ ಯಾರೂ ಮುಟ್ಟುವಂತಿಲ್ಲ. ಆ ಸಾಲಿಗೆ ದೂಜನ ಬಕೆಟು, ಬಟ್ಟೆ ಬರಲಿಲ್ಲ. ಎಂಜಲು ಒರೆಸುವ ಬಟ್ಟೆಯನ್ನು ದೇವರ ಮುಂದೆ ಯಾರಾದರೂ ಇಡುತ್ತಾರೆಯೇ? ಹಾಗಾಗಿ ಅದಕ್ಕೆ ವಿಶ್ರಾಂತಿಯೂ ಇರಲಿಲ್ಲ. ಆ ದಿನವೂ ಪೂಜೆಗಿಡದ ಸೌಟಿನಿಂದ ಬಾಳೆಲೆಗೆ ಬಡಿಸಿದ್ದನ್ನು ಜನ ಉಣ್ಣುತ್ತಿದ್ದರು, ದೂಜ ಒರೆಸುತ್ತಿದ್ದ.

ಮೀನಿನ ಹುಚ್ಚು ಹಿಡಿದದ್ದು ಅರವತ್ತೆಂಟನೆಯ ಇಸವಿಯಲ್ಲಿ. ಹೊಟೇಲಿನ ಎದುರಿಗೆ ಮಿನೇಜಿಸ್ ಎಂಬ ಗೋವೆಯವನು ಬಣ್ಣದ ಮೀನುಗಳ ಅಂಗಡಿ ಇಟ್ಟಿದ್ದ. ಅವನಿಗೆ ದಿನಾ ಚಹಾ ಒಯ್ಯುವುದು ದೂಜನ ಕೆಲಸ. ಖಾಲಿ ಗ್ಲಾಸಿಗೆ ಕಾಯುವ ಐದು ನಿಮಿಷ ಅವನು ಗಾಜಿನ ಮುಂದೆ ನಿಂತಿರುತ್ತಿದ್ದ. ಸುಮ್ಮನೆ ನಿಲ್ಲುವವನಲ್ಲ, ಹೆಗಲ ಮೇಲಿನ ಬಟ್ಟೆಯಿಂದ ಗಾಜು ಒರೆಸಲು ಶುರುಮಾಡಿದ. ಆಮೇಲೆ ರಜೆಯ ದಿನ ಹೋಗಿ ಟ್ಯಾಂಕು ತೊಳೆದುಕೊಟ್ಟ. ಇಬ್ಬರಿಗೂ ಕೊಂಕಣಿ ಬರುತ್ತಿತ್ತು. ಒಂದು ದಿನ ಮಿನೇಜಿಸ್, ರೆಕ್ಕೆ ಸೊಟ್ಟಗಿದ್ದು ಮಾರಾಟಕ್ಕೆ ಬಾರದ ಆರು ಏಂಜಲ್ ಮೀನಿನ ಮರಿಗಳನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಅವನ ಕೈಗೆ ಕೊಟ್ಟ. ಇವು ಸಿಕ್ಲಿಡ್ ಜಾತಿ, ಬೇರೆ ಮೀನಿನ ಹಾಗೆ ಮೊಟ್ಟೆ ಇಟ್ಟು ಓಡಿಹೋಗುವುದಿಲ್ಲ, ಗಂಡಹೆಂಡತಿ ಇಬ್ಬರೂ ನಿಂತು ಕಾಯುತ್ತವೆ ಎಂದು ಹೇಳಿದ. ಜಾತಿ ಎಂಬ ಮಾತನ್ನು ಒಳ್ಳೆಯ ಅರ್ಥದಲ್ಲಿ ದೂಜ ಕೇಳಿದ್ದು ಅದೇ ಮೊದಲು.

ವಾಕೋಲಾದ ಚಾಳಿನಲ್ಲಿ ಅವನದು ತಗಡಿನ ಮಾಡಿನ ಒಂದೇ ಖೋಲಿ. ಮಗಳು ವಾರಿಜಾ ಊರಿನಲ್ಲಿ ಅಜ್ಜಿಯ ಬಳಿ ಓದುತ್ತಿದ್ದಳು. ಇಲ್ಲಿ ಅವನು ಮತ್ತು ಹೆಂಡತಿ ಸೇವಂತಿ. ಕಬ್ಬಿಣದ ಪಟ್ಟಿಯ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ಸಂದಿಗೆ ಪುಟ್ಟಿ ಮೆತ್ತಿ, ಮೂರು ಅಡಿಯ ಟ್ಯಾಂಕನ್ನು ದೂಜ ತಾನೇ ಕಟ್ಟಿದ. ಮೊದಲ ಸಲ ಅದು ಸೋರಿ ಹಾಸಿಗೆ ಒದ್ದೆಯಾಯಿತು. ಮರಳನ್ನು ಏಳು ನೀರಿನಲ್ಲಿ ತೊಳೆದು ಕುದಿಸಿದ. ನಲ್ಲಿಯ ನೀರಿನ ಔಷಧದ ವಾಸನೆ ಹೋಗಲಿ ಎಂದು ಎರಡು ದಿನ ಡ್ರಮ್ಮಿನಲ್ಲಿ ನಿಲ್ಲಿಸಿದ. ಚಾಳಿಗೆ ನೀರು ಬರುವುದೇ ಬೆಳಿಗ್ಗೆ ಒಂದು ಗಂಟೆ. ಅದರಲ್ಲಿ ಒಂದು ಡ್ರಮ್ಮು ಮೀನಿನ ಪಾಲಾದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಊರಿನಲ್ಲಿ ಮೀನನ್ನು ಸಾರು ಮಾಡುವುದು ಕಂಡಿದ್ದೇನೆ, ಸಾಕುವುದು ಕಾಣಲಿಲ್ಲ ಎಂದು ಸೇವಂತಿ ವರ್ಷಗಟ್ಟಲೆ ಗೊಣಗಿದಳು.

ಗೊಣಗಲಿಕ್ಕೆ ಇನ್ನೊಂದು ಕಾರಣ ಗಾಳಿ ಪಂಪು. ಅಂಗೈಯಗಲದ ಡಬ್ಬಿ, ಒಂದು ರಬ್ಬರ್ ನಳಿಗೆಯಲ್ಲಿ ನೀರಿನೊಳಗೆ ಗಾಳಿ ಊದುತ್ತ ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಅದು ನಿಂತರೆ ನೀರು ಸಾಯುತ್ತದೆ, ನೀರು ಸತ್ತರೆ ಮೀನು ಸಾಯುತ್ತದೆ ಎಂದು ಮಿನೇಜಿಸ್ ಹೇಳಿದ್ದ. ಏನಾದರೂ ಸರಿ, ಪಂಪನ್ನು ಮುಟ್ಟುವುದಿಲ್ಲ ಎಂದು ದೂಜ ಸೇವಂತಿಯಿಂದ ಮಗಳ ಮೇಲೆ ಆಣೆ ಹಾಕಿಸಿದ್ದ. ಅವಳು ಮುಟ್ಟಲೂ ಇಲ್ಲ.

ಆರರಲ್ಲಿ ಎರಡು ಮೀನು ಜೋಡಿಯಾದವು. ಉಳಿದ ನಾಲ್ಕನ್ನು ದೂಜ ಹಿಂದಿರುಗಿಸಿದ. ಹೊಟೇಲಿನಲ್ಲಿ ಒಡೆದ ಮೇಜಿನ ಕಡಪಾ ಕಲ್ಲಿನ ಚೂರೊಂದನ್ನು ತಂದು ಟ್ಯಾಂಕಿನಲ್ಲಿ ಓರೆಯಾಗಿ ನಿಲ್ಲಿಸಿದ. ಅದರ ಮೇಲೆ ಅವು ಮೊಟ್ಟೆ ಇಟ್ಟವು, ಎರಡು ದಿನ ರೆಕ್ಕೆಯಿಂದ ಬೀಸಿ ಕಾದವು, ಮೂರನೆಯ ದಿನ ತಾವೇ ತಿಂದುಹಾಕಿದವು. ಹಾಗೆ ನಾಲ್ಕು ಸಲ ಆಯಿತು. ಸಪ್ಪಳಕ್ಕೆ ಹೆದರಿದರೆ ತಿನ್ನುತ್ತವೆ, ಮುಂಬಯಿಯ ಏಂಜಲ್‌ಗಳಿಗೆಲ್ಲ ಇದೇ ರೋಗ, ಅದಕ್ಕೇ ನಾವು ಮೊಟ್ಟೆಯನ್ನು ಬೇರೆ ಮಾಡಿ ಮರಿ ಮಾಡುವುದು ಎಂದು ಮಿನೇಜಿಸ್ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ:

"ತಂದೆತಾಯಿಯೇ ಸಾಕಿದ ಒಂದು ಹಿಂಡು ನನಗೆ ತೋರಿಸು, ದೂಜ. ಹಿಂದಿನ ಕೋಣೆಯ ಇಪ್ಪತ್ತು ಟ್ಯಾಂಕು ನಿನ್ನ ಕೈಗೆ ಬಿಡ್ತೇನೆ. ಆ ಬಟ್ಟೆ ಹೆಗಲಿನಿಂದ ತೆಗೆದುಬಿಡು."

ಆ ರಾತ್ರಿಯಿಂದ ದೂಜನಿಗೆ ಬದುಕಿನಲ್ಲಿ ಬೇಕಾದದ್ದು ಅದೊಂದೇ. ಇಪ್ಪತ್ತು ಟ್ಯಾಂಕು. ಎಂಜಲಿಲ್ಲದ ನೀರಿನಲ್ಲಿ ಕೈ.

ಎಪ್ಪತ್ಮೂರರ ಗಣಪತಿ ಮುಳುಗಿಸಿದ ವಾರ ಐದನೆಯ ಸಲ ಮೊಟ್ಟೆ ಬಂತು. ದೂಜ ಟ್ಯಾಂಕಿನ ಮೂರು ಬದಿಗೆ ಗೋಣಿ ಕಟ್ಟಿದ. ಅರೆಯುವ ಕಲ್ಲಿನ ಸದ್ದು ಗೋಡೆಗೆ ತಾಗುತ್ತದೆ ಎಂದು ಸೇವಂತಿಗೆ ಹೇಳಿದ. ಹೇಳುತ್ತಲೇ ಕಟ್ಟಿದ ಗೋಣಿಯನ್ನು ಬಿಚ್ಚಿ ಮತ್ತೆ ಕಟ್ಟಿದ. ಅದನ್ನು ನೋಡಿಯೋ ಏನೋ ಅವಳು ಈ ಸಲ ಗೊಣಗಲಿಲ್ಲ. ಮಸಾಲೆಯನ್ನು ತಟ್ಟೆಯಲ್ಲಿಟ್ಟುಕೊಂಡು, ಚಾಳಿನ ಆಚೆ ತುದಿಯಲ್ಲಿದ್ದ ವಿಜಾಪುರದ ಮಲ್ಲಕ್ಕನ ಖೋಲಿಗೆ ಹೋಗಿ ಅರೆದುಕೊಂಡು ಬಂದಳು. "ಏನವಾ ಸೇವಂತಿ, ಮೀನಿನ ಬಾಣಂತನಾ ನೀನ ಮಾಡಾಕತ್ತೀ ಏನ?" ಎಂದು ಮಲ್ಲಕ್ಕ ಕೀಟಲೆ ಮಾಡಿದಳು. ಮಾಡುತ್ತಿದ್ದುದು ನಿಜವೇ. ಬಾಗಿಲು ಬಡಿಯುವ ಮಕ್ಕಳನ್ನು ಸೇವಂತಿಯೇ ಗದರಿಸಿ ಓಡಿಸುತ್ತಿದ್ದಳು.

ಮೂರನೆಯ ದಿನ ಮೀನುಗಳು ಮೊಟ್ಟೆ ತಿನ್ನಲಿಲ್ಲ. ಒಡೆದು ಬಂದ ಮರಿಗಳನ್ನು ಬಾಯಿಯಲ್ಲಿ ಎತ್ತಿ ಎತ್ತಿ ಕಲ್ಲಿಗೆ ಅಂಟಿಸಿದವು. ವಾರ ಕಳೆದ ಮೇಲೆ ನೂರಕ್ಕೂ ಹೆಚ್ಚು ಮರಿಗಳು ನುಚ್ಚಕ್ಕಿ ಚೆಲ್ಲಿದಂತೆ ತಾಯಿಯ ಸುತ್ತ ಈಜತೊಡಗಿದವು. ಒಂದು ಮರಿ ದೂರ ಹೋದರೆ ಗಂಡುಮೀನು ಅದನ್ನು ಬಾಯಲ್ಲಿ ಹಿಡಿದು ತಂದು ಹಿಂಡಿಗೆ ಉಗುಳುತ್ತಿತ್ತು. ಸೇವಂತಿ ಅದನ್ನು ನೋಡುತ್ತ ಅನ್ನ ಸೀಯಿಸಿದಳು. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಮರಿಗಳಿಗೆ ದಿನಕ್ಕೆ ನಾಲ್ಕು ಸಲ ಹಾಕಬೇಕಿತ್ತು; ಅದರಿಂದ ನೀರು ಬೇಗ ಕೆಡುತ್ತದೆ, ಪಂಪಿನ ಗಾಳಿಯೇ ಅದಕ್ಕೆ ಆಧಾರ. ಮಿನೇಜಿಸ್‌ಗೆ ಸುದ್ದಿ ಹೋಯಿತು. ದಸರೆಯ ದಿನ ಅಂಗಡಿಗೆ ರಜೆ, ಬೆಳಿಗ್ಗೆ ಬಂದು ನೋಡುತ್ತೇನೆ ಎಂದ.

ಹಿಂದಿನ ದಿನ ಆಯುಧಪೂಜೆ. ದೂಜ ಮರಿಗಳಿಗೆ ಹಳದಿ ಹಾಕಿ ಹೊಟೇಲಿಗೆ ಹೊರಟಿದ್ದ. ಸೇವಂತಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ, ತೆಂಗಿನ ತುರಿಮಣೆ ತೊಳೆದು ಸಾಲಾಗಿ ಇಟ್ಟಿದ್ದಳು.

"ಹೋಯ್, ನಿಮ್ಮ ಮೆಷಿನಿಗೂ ಪೂಜೆ ಮಾಡ್ಲಾ? ಆಣೆ ಉಂಟು, ಕೇಳದೆ ಮುಟ್ಟುವುದಿಲ್ಲ," ಅಂದಳು. "ಇಷ್ಟೆಲ್ಲ ಮಾಡಿ ಕೊಟ್ಟಿದೆ ಅಲ್ವಾ ಅದು. ನಿಮ್ಮ ಆಯುಧ ಅದೇ."

ನಿಮ್ಮ ಆಯುಧ. ಹದಿನೇಳು ವರ್ಷದಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

"ಮುಟ್ಟು," ಅಂದ. "ಚೆಂದ ಮಾಡಿ ಪೂಜೆ ಮಾಡು. ಹೂ ಜಾಸ್ತಿ ಇಡು."

ಹೊಟೇಲಿನಲ್ಲಿ ಆ ದಿನ ಅವನು ಬಗ್ಗಿ ನಡೆಯಲಿಲ್ಲ. ಹೊಸ್ತಿಲಿನ ಈಚೆ ನಿಂತು ರುಬ್ಬುವ ಮೆಷಿನಿಗೆ ಆರತಿಯಾಗುವುದನ್ನು ನೋಡುತ್ತ, ನನ್ನದಕ್ಕೂ ಈಗ ಮಾಲೆ ಬಿದ್ದಿರುತ್ತದೆ ಎಂದುಕೊಂಡ. ಅಷ್ಟರ ಮಟ್ಟಿಗೆ ಅವನ ಬುದ್ಧಿಗೆ ಮಂಕು ಕವಿದಿತ್ತು. ಊಟದ ಹೊತ್ತಿಗೆ ಭಟ್ಟರು ಎಲ್ಲರಿಗೂ ಕೇಳುವಂತೆ, ನಾಳೆ ತನಕ ಯಾರೂ ಸ್ವಿಚ್ಚಿಗೆ ಕೈ ಹಾಕಬಾರದು, ಪೂಜೆಯಾದ ಮೆಷಿನು ಎಂದು ಹೇಳಿದರು. ಪ್ರತಿ ವರ್ಷ ಹೇಳುವ ಮಾತೇ ಅದು. ದೂಜ ಬಕೆಟನ್ನು ಕೆಳಗಿಟ್ಟ. ಶಾಸ್ತ್ರ ಗೊತ್ತಿದ್ದ ಯಾವ ಹೆಂಗಸು ಮಾಲೆ ಹಾಕಿದ ಪಂಪನ್ನು ನಡೆಸುತ್ತಾಳೆ?

ಅವನು ಭಟ್ಟರ ಮುಂದೆ ಹೋಗಿ ನಿಂತ. "ಧಣಿ, ಒಂದು ಗಳಿಗೆ ಮನೆಗೆ ಹೋಗಿ ಬರ್ತೇನೆ. ಮೀನು ಸಾಯ್ತದೆ."

"ಮೀನಿಗೆ ಎಂತ ಆಗ್ತದೆ ಮಾರಾಯ, ನೀರಲ್ಲೇ ಉಂಟಲ್ಲ," ಎಂದು ಭಟ್ಟರು ನಕ್ಕರು. "ಎಲೆ ತೆಗೆದು ಹೋಗು. ಹಬ್ಬದ ದಿನ ಎಂಜಲೆಲೆ ಬಿದ್ದುಕೊಂಡಿರಬಾರದು."

ಆಗ ಎರಡು ಗಂಟೆ. ಮೂರು ಪಂಕ್ತಿ ಬಾಕಿಯಿತ್ತು. ಓಡಿಹೋಗಬಹುದಿತ್ತು, ಯಾರೂ ಅವನನ್ನು ಕಟ್ಟಿಹಾಕಿರಲಿಲ್ಲ. ಹದಿನೇಳು ವರ್ಷ ಎಲೆ ತೆಗೆ ಎಂದಾಗ ಎಲೆ ತೆಗೆದವನ ಕಾಲಿಗೆ ಓಡುವುದು ತಿಳಿಯಲಿಲ್ಲ. ಅವನು ಎಲೆ ತೆಗೆದ, ನೆಲ ಒರೆಸಿದ, ನಾಲ್ಕೂವರೆಗೆ ಹೊರಬಿದ್ದ. ತನ್ನ ಮೇಲೆ ಅವನಿಗೆ ಆಮೇಲೆ ಹುಟ್ಟಿದ ಅಸಹ್ಯವೆಲ್ಲ ಆ ಎರಡೂವರೆ ಗಂಟೆಯದು.

ಚಾಳಿನ ಪ್ಯಾಸೇಜಿನಲ್ಲಿ ಕಾಲಿಟ್ಟಾಗಲೇ ಗುಂಯ್ ಎಂಬ ಸದ್ದು ಇರಲಿಲ್ಲ. ಅಕ್ಟೋಬರಿನ ಬಿಸಿಲಿಗೆ ತಗಡು ಕಾದು ಖೋಲಿ ಕುದಿಯುತ್ತಿತ್ತು. ಮಣೆಯ ಮೇಲೆ ಪಂಪು, ಅದಕ್ಕೆ ಕುಂಕುಮ, ಅದು ಕಾಣದಷ್ಟು ಚೆಂಡುಹೂವು. ಟ್ಯಾಂಕಿನ ನೀರಿನ ಮೇಲೆ ಮರಿಗಳೆಲ್ಲ ಬಿಳಿಚಿ ತೇಲುತ್ತಿದ್ದವು. ಹೆಣ್ಣುಮೀನು ಕಡಪಾ ಕಲ್ಲಿನ ಬುಡದಲ್ಲಿ ಮಲಗಿತ್ತು. ಗಂಡುಮೀನಿಗೆ ಇನ್ನೂ ಜೀವವಿತ್ತು. ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಾಳಿ ಕುಡಿಯುತ್ತ, ತೇಲಿಹೋಗುತ್ತಿದ್ದ ಒಂದು ಸತ್ತ ಮರಿಯನ್ನು ಬಾಯಲ್ಲಿ ತಂದು ಉಳಿದವುಗಳ ನಡುವೆ ಬಿಟ್ಟಿತು. ದೂಜ ಹೂವನ್ನು ಕಿತ್ತೆಸೆದು ಸ್ವಿಚ್ ಹಾಕಿದ. ಪಂಪಿಗೆ ಏನೂ ಆಗಿರಲಿಲ್ಲ. ಗುಂಯ್ ಎಂದು ಗಾಳಿ ಊದತೊಡಗಿತು. ಕತ್ತಲಾಗುವುದರೊಳಗೆ ಗಂಡೂ ಸತ್ತಿತು.

ಮಲ್ಲಕ್ಕನ ಮನೆಗೆ ಪ್ರಸಾದ ಕೊಟ್ಟು ಬಂದ ಸೇವಂತಿ ಬಾಗಿಲಲ್ಲೇ ನಿಂತಳು. ಪೂಜೆ ಆದದ್ದನ್ನು ನಡೆಸ್ಲಿಕ್ಕೆ ಉಂಟಾ, ನಾಳೆ ತನಕ ಮುಟ್ಲಿಕ್ಕೆ ಇಲ್ಲ ಅಲ್ವಾ ಎಂದು ಮೆಲ್ಲಗೆ ಅಂದಳು. ಮುಟ್ಟು ಎಂದವನು ತಾನೇ. ಬೈಯಲಿಕ್ಕೂ ಅವನಿಗೆ ಆಗಲಿಲ್ಲ.

ಬೆಳಿಗ್ಗೆ ಮಿನೇಜಿಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಟ್ಯಾಂಕನ್ನೂ ಪಂಪಿಗೆ ಹತ್ತಿದ್ದ ಕುಂಕುಮವನ್ನೂ ನೋಡಿದ. ಪಂಪು ಯಾರು ನಿಲ್ಲಿಸಿದ್ದು ಎಂದು ಕೊಂಕಣಿಯಲ್ಲಿ ಕೇಳಿದ.

ಸೇವಂತಿ ಒಲೆಯ ಮುಂದೆ ಕೂತಿದ್ದಳು. ಅವಳಿಗೂ ಕೊಂಕಣಿ ತಿಳಿಯುತ್ತಿತ್ತು.

"ನಾನೇ," ಅಂದ ದೂಜ. "ಹಬ್ಬ ಅಲ್ವಾ ಅಂತ."

ಮಿನೇಜಿಸ್ ಕೆಟ್ಟವನಲ್ಲ. ಮರಿಗಳನ್ನು ಸಾಕಿದ್ದು ನಿಜ ಎಂದು ಒಪ್ಪಿಕೊಂಡ. ಆದರೆ ಪೂಜೆಗೆ ಪಂಪು ನಿಲ್ಲಿಸುವವನ ಕೈಗೆ ಇಪ್ಪತ್ತು ಟ್ಯಾಂಕು ಹೇಗೆ ಕೊಡಲಿ, ನೀನೇ ಹೇಳು ಎಂದ. ಮರುದಿನ ಚಹಾ ಒಯ್ದಾಗ ದೂಜ ಅಂಗಡಿಯ ಹೊರಗೇ ನಿಂತು ಗ್ಲಾಸು ತೆಗೆದುಕೊಂಡು ಬಂದ. ಟ್ಯಾಂಕಿನಲ್ಲಿ ಸೇವಂತಿ ಅಕ್ಕಿ ತುಂಬಿಟ್ಟಳು. ಪಂಪನ್ನು ಯಾರು ಒಯ್ದರೋ, ಮತ್ತೆ ಕಾಣಲಿಲ್ಲ.

ಮುಂದಿನ ವರ್ಷದ ಆಯುಧಪೂಜೆಗೆ ಅವಳು ಏನನ್ನೂ ಕೇಳಲಿಲ್ಲ. ದೂಜ ಎದ್ದು ನೋಡುವಾಗ ಮಣೆಯ ಮೇಲೆ ಮೆಟ್ಟುಕತ್ತಿ, ತುರಿಮಣೆ, ಅವುಗಳ ಪಕ್ಕದಲ್ಲಿ ಅವನ ಮೇಜು ಒರೆಸುವ ಬಟ್ಟೆ. ಎರಡು ಸಲ ಸೋಪು ಹಾಕಿ ಒಗೆದು, ನಾಲ್ಕು ಮಡಿಕೆ ಮಾಡಿ, ಕುಂಕುಮ ಹಚ್ಚಿ ಒಂದು ಹೂವಿಟ್ಟಿದ್ದಳು. ಅವನಿಗೂ ಏನಾದರೂ ಇರಲಿ ಎಂದೇ ಇಟ್ಟಿರಬೇಕು. ಇಂದು ಅದನ್ನು ಮುಟ್ಟಬಾರದು ಎಂದು ಮಾತ್ರ ಇಬ್ಬರೂ ಅನ್ನಲಿಲ್ಲ. ದೂಜ ಹೂವನ್ನು ಪಕ್ಕಕ್ಕಿಟ್ಟು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊಟೇಲಿಗೆ ಹೋದ. ಎಂಟು ಗಂಟೆಯ ಹೊತ್ತಿಗೆ ಆ ಕುಂಕುಮ ಸಾಂಬಾರಿನಲ್ಲಿ ಬೆರೆತುಹೋಗಿತ್ತು.