ಗುಟ್ಟದ ನೈವೇದ್ಯಕ್ಕೆ ಒಂದೇ ಹಲ್ಲುಚಕ್ರ

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಹೊರಟರೆ ಎಡಕ್ಕೆ ಬೋಳುಬಂಡೆಗಳ ಒಂದು ಗುಟ್ಟ. ಅದರ ನೆತ್ತಿಯ ಮೇಲಿನ ನರಸಿಂಹಸ್ವಾಮಿಗೆ ದಿನವೂ ಬೆಳಗಿನ ನೈವೇದ್ಯ ಸಲ್ಲಬೇಕೆಂಬುದು ಅರ್ಚಕ ಕೋದಂಡರಾಮಪ್ಪನವರ ತಾತನ ಕಾಲದಿಂದ ನಡೆದುಬಂದ ಕಟ್ಟಳೆ. ಊರೊಳಗಿನ ಮನೆಯಲ್ಲಿ ಬೆಂದ ಹುಗ್ಗಿಯನ್ನು ಮಿಂದು ಮಡಿಯುಟ್ಟ ಅರ್ಚಕರೇ ಮೇಲಕ್ಕೆ ಒಯ್ಯಬೇಕು. ದಾರಿಯಲ್ಲಿ ಕೈ ಮೈಲಿಗೆಯಾಯಿತೋ, ಹಿಂದಿರುಗಿ ಮತ್ತೆ ಮೀಯಬೇಕು, ಒಲೆಯೂ ಮತ್ತೆ ಹೊತ್ತಬೇಕು. ಮೂವತ್ತೊಂದು ವರ್ಷ ಅವರು ಈ ವ್ರತವನ್ನು ನಾನೂರು ಮೆಟ್ಟಿಲುಗಳ ಮೇಲೆ ನಡೆಸಿದರು. ಐವತ್ತಾರನೆಯ ವಯಸ್ಸಿನಲ್ಲಿ ಬಲಮಂಡಿ ಸೋತಿತು. ಮೆಟ್ಟಿಲು ಕೂಡದು, ಬೇಕಾದರೆ ಸೈಕಲ್ ತುಳಿಯಬಹುದು ಎಂದರು ಡಾಕ್ಟರು.

ಗುಟ್ಟದ ಬೆನ್ನಿಗೆ ಬಂಡೆಗಳ ನಡುವೆ ನುಸುಳುವ ಕಲ್ಲುದಾರಿಯೊಂದಿತ್ತು. ಮಾಲೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಕ್ಕನ ಮಗ ಶ್ರೀಧರ್, ಬೆಟ್ಟ ಹತ್ತಲೆಂದೇ ಮಾಡಿದ ತನ್ನ ಗೇರ್ ಸೈಕಲ್ಲನ್ನು ಮಾವನಿಗೆ ಕೊಟ್ಟನು. ಪೆಡಲಿನ ಬಳಿ ಮೂರು ಹಲ್ಲುಚಕ್ರ, ಹಿಂದೆ ಒಂಬತ್ತು. ಹಿಂದೊಂದು ಕ್ಯಾರಿಯರ್ ಕೂರಿಸಿ, ಅದಕ್ಕೆ ಹುಗ್ಗಿಯ ಪಾತ್ರೆಯನ್ನು ಬಿಗಿದು, ಕೋದಂಡರಾಮಪ್ಪನವರು ಹೊರಟರು.

ಮೊದಲ ಕೆಲವು ವಾರ ಎಲ್ಲವೂ ಸರಿಯಿತ್ತು. ಬರಬರುತ್ತ, ಕಡೆಯ ಕಡಿದಾದ ಏರಿನಲ್ಲಿ ಮುಂದಿನ ಚೈನನ್ನು ಸಣ್ಣ ಚಕ್ರಕ್ಕೆ ಇಳಿಸಹೋದರೆ ಅದು ಹಲ್ಲಿನ ಮೇಲೆ ಕೂರದೆ ಒಳಕ್ಕೆ ಜಾರಿಬೀಳತೊಡಗಿತು. ಕೈಯಿಟ್ಟರೆ ಕರಿಮಸಿ, ಮಡಿ ಹೋಯಿತು. ಹುಣಿಸೆಯ ಕಡ್ಡಿಯಿಂದ ಮೀಟಿ ನೋಡಿದರು, ಕಡ್ಡಿ ಮುರಿಯಿತು. ಒಂದೇ ತಿಂಗಳಲ್ಲಿ ಆರು ಸಲ ದಾರಿಯ ನಡುವಿನಿಂದ ಹಿಂದಿರುಗಿದರು. ಆರನೆಯ ಸಲ ದೇವರ ನೈವೇದ್ಯವಾಗುವಾಗ ಸೂರ್ಯನು ನೆತ್ತಿಗೆ ಬಂದಿದ್ದನು.

ಅಂದು ಸಂಜೆ ದೇವಸ್ಥಾನದ ಧರ್ಮದರ್ಶಿ ಚನ್ನರಾಯಪ್ಪನವರು ಮನೆಗೇ ಬಂದರು. "ಸ್ವಾಮಿ, ಎಷ್ಟು ಅಂತ ಒದ್ದಾಡ್ತೀರಾ. ಮುಂದಿನ ತಿಂಗಳಿಂದ ಶನಿವಾರ ಒಂದಿನ ಮಾಡಿ, ಸಾಕು. ನಿಮ್ಮ ಮಂಡಿನೂ ಉಳಿಯತ್ತೆ" ಎಂದರು. ಬೈದಿದ್ದರೆ ಸಹಿಸಬಹುದಿತ್ತು, ಮರುಕದಿಂದ ಆಡಿದ ಆ ಮಾತು ಅರ್ಚಕರ ಎದೆಯಲ್ಲಿ ಮುಳ್ಳಾಗಿ ನಿಂತಿತು. ವಾರದ ಆರು ದಿನ ಸ್ವಾಮಿ ಉಪವಾಸವೇ? ತಾತ ಬಿಡದುದನ್ನು, ತಂದೆ ಬಿಡದುದನ್ನು ತಾನು ಬಿಡುವುದೇ?

ಮರುದಿನವೇ ಅವರು ಮುಳಬಾಗಿಲಿನ ಸೈಕಲ್ ಅಂಗಡಿಯ ಮುಖ್ತಿಯಾರ್ ಸಾಬರ ಮುಂದೆ ಕುಳಿತಿದ್ದರು. ಸಾಬರು ಚೈನನ್ನು ಬೆರಳಲ್ಲಿ ಬಾಗಿಸಿ ನೋಡಿದರು. ಅದು ಬಾಗಿದಂತೆಯೇ ಉಳಿಯಿತು.

"ಅಯ್ನೋರೇ, ಇದನ್ನ ಬಾವಿಯಲ್ಲಿ ಇಟ್ಟಿದ್ರಾ?"

"ಬಾವಿಯಲ್ಲಿ ಯಾಕಿಡ್ತೀನಿ. ದಿನಾ ಬೆಳಿಗ್ಗೆ ಎರಡು ಕೊಡ ನೀರು ಹುಯ್ಯೋದು ಅಷ್ಟೆ. ದೇವರ ಅನ್ನ ಹೊರೋದಲ್ವಾ, ಅದೂ ಶುದ್ಧವಾಗಬೇಕು."

"ಹಿಡಿಗೆ ಹುಯ್ಯಿರಿ, ಕ್ಯಾರಿಯರ್‌ಗೆ ಹುಯ್ಯಿರಿ. ಚೈನ್‌ಗೆ ಮಾತ್ರ ನಕ್ಕೋ, ನೀರು ಬೇಡ. ಅದಕ್ಕೆ ಎಣ್ಣೆಸ್ನಾನ ಒಂದೇ."

ಸ್ವಾಮಿಗೂ ತೈಲಾಭಿಷೇಕವುಂಟಷ್ಟೆ ಎಂದು ಅರ್ಚಕರು ತಲೆದೂಗಿದರು. ತಮ್ಮ ಭಕ್ತಿಯೇ ಚೈನಿಗೆ ತುಕ್ಕು ಹಿಡಿಸಿತೆಂಬುದನ್ನು ನೆನೆದು ನಾಚಿದರು. ಸಾಬರು ಮುಂದಿನ ಮೂರು ಚಕ್ರಗಳನ್ನು ಒರಸಿ ತೋರಿಸಿದರು. ದೊಡ್ಡದರ ಹಲ್ಲುಗಳು ಹೊಚ್ಚಹೊಸದರಂತಿದ್ದವು. ನಡುವಿನದೂ ಸಣ್ಣದೂ ಸವೆದಿದ್ದವು.

"ದೊಡ್ಡದನ್ನ ನೀವು ಮುಟ್ಟೇ ಇಲ್ಲ. ಸುಮ್ನೆ ಹೊತ್ಕೊಂಡು ಬೆಟ್ಟ ಹತ್ತಿದೀರಿ. ಮೂರೂ ತೆಗೆದು ಒಂದೇ ಹಾಕೋಣ, ಚೈನೂ ಹೊಸದು. ಮುಂದೆ ಚೈನು ಬದಲಾಯಿಸೋದೇ ಇಲ್ಲ ಅಂದ್ರೆ, ಅದು ಬೀಳೋದಾದ್ರೂ ಯಾಕೆ? ಹಿಂದುಗಡೆ ಊಟದ ತಟ್ಟೆ ಅಗಲದ ಚಕ್ರ ಹಾಕ್ತೀನಿ, ಏರಿಗೆ ಅದು ಸಾಕು."

ಅವರು ಎರಡು ಚಕ್ರಗಳನ್ನು ಮುಂದಿಟ್ಟರು: ಮೂವತ್ತೆರಡು ಹಲ್ಲಿನದೊಂದು, ಇಪ್ಪತ್ತೆಂಟರದೊಂದು. ಎರಡರಲ್ಲೂ ಒಂದು ಹಲ್ಲು ದಪ್ಪ, ಮುಂದಿನದು ಸಣ್ಣ. ಚೈನಿನ ಸಂದುಗಳನ್ನು ಕಚ್ಚಿ ಹಿಡಿಯಲೆಂದೇ ಹಾಗೆ ಕಡೆದದ್ದು. ಅರ್ಚಕರು ಅಲ್ಲಿಂದಲೇ ಫೋನು ಮಾಡಿ ಕೇಳಿದರೆ, ಮೂವತ್ತೆರಡೇ ಇರಲೆಂದನು ಶ್ರೀಧರ್.

"ಇಪ್ಪತ್ತೆಂಟಾದರೆ ಬಯಲಲ್ಲಿ ಓಟ ಕಡಿಮೆಯಲ್ಲವೇ ಸಾಬ್ರೇ? ಸಂತೆಗೂ ಇದರಲ್ಲೇ ಬರ್ತೀನಿ."

"ಓಟ ಕಡಿಮೆ, ಏರು ಹಗುರ. ಸಂತೆ ಕೆಳಗಿದೆ, ನಿಮ್ಮ ಸ್ವಾಮಿ ಮೇಲಿದಾರೆ. ಎಲ್ಲಿಗೆ ಲೇಟಾದ್ರೆ ನಡೆಯಲ್ಲ, ನೀವೇ ಹೇಳಿ."

ಕೋದಂಡರಾಮಪ್ಪನವರು ಎರಡು ಚಕ್ರಗಳನ್ನೂ ಕೈಯಲ್ಲಿ ತೂಗಿ ನೋಡಿದರು. ಬಯಲಲ್ಲಿ ಯಾರಾದರೂ ತಮ್ಮನ್ನು ಹಿಂದಿಕ್ಕಿ ಹೋದರೆ ಹೋಗಲಿ. ಏರಿನಲ್ಲಿ ಮಾತ್ರ ಕಾಲು ನಿಲ್ಲಬಾರದು. ಇಪ್ಪತ್ತೆಂಟರ ಚಕ್ರವನ್ನು ಸಾಬರ ಕಡೆಗೆ ಸರಿಸಿದರು.

ಮರುಬೆಳಗ್ಗೆ ಹಿಡಿಗೂ ಕ್ಯಾರಿಯರಿಗೂ ಒದ್ದೆಬಟ್ಟೆಯಾಡಿಸಿ, ಪಾತ್ರೆ ಕಟ್ಟಿ ಹೊರಟರು. ಕಡೆಯ ಏರು ಬಂದಿತು. ಎಡಗೈಯ ಹೆಬ್ಬೆರಳು ರೂಢಿಯಂತೆ ಮುಂದಿನ ಗೇರಿನ ಗುಂಡಿಯನ್ನು ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಬಲಗೈಯಿಂದ ಒಂದು ಸಲ, ಮತ್ತೊಂದು ಸಲ ಒತ್ತಿದರು. ಹಿಂದೆ ಚೈನು ಅಗಲವಾದ ಚಕ್ರಕ್ಕೆ ಏರಿ ಕೂತಿತು. ಕಲ್ಲುಗಳ ಮೇಲೆ ಸೈಕಲ್ಲು ಕುಣಿಯಿತು, ಚೈನು ಮಿಸುಕಲಿಲ್ಲ. ಮಂಡಿ ನೋಯಲಿಲ್ಲವೆಂದಲ್ಲ, ಆದರೆ ತಾಳುವಷ್ಟೇ ನೊಂದಿತು. ಗುಡಿಯ ಬಾಗಿಲ ಮುಂದೆ ಇಳಿದು ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಶುಭ್ರವಾಗಿದ್ದವು. ಬಹು ದಿನಗಳ ಮೇಲೆ ಅವರ ಉಸಿರು ಎದೆಯ ತಳದವರೆಗೆ ಇಳಿಯಿತು.

ಹೀಗೆ ಇಪ್ಪತ್ತು ದಿನ ಎಂಟು ಗಂಟೆಯೊಳಗೇ ಗುಟ್ಟದ ಮೇಲೆ ಗಂಟೆ ಮೊಳಗಿತು. ಇಪ್ಪತ್ತೊಂದನೆಯ ದಿನ, ಇಳಿದು ಬರುತ್ತಿದ್ದ ಅರ್ಚಕರನ್ನು ಚನ್ನರಾಯಪ್ಪನವರು ಅಡ್ಡಗಟ್ಟಿದರು.

"ಶನಿವಾರದ ಮಾತು ಬಿಟ್ಟುಬಿಡಿ ಸ್ವಾಮಿ. ನಮ್ಮ ಮನೇಲಿ ಈಗ ನಿಮ್ಮ ಗಂಟೆ ಕೇಳಿದ ಮೇಲೇ ಕಾಫಿ."

ಮನೆಗೆ ಬಂದಾಗ ಹೆಂಡತಿ ಗಂಗಾಲಕ್ಷ್ಮಿಯವರು ಅಡುಗೆಮನೆಯ ಮೂಲೆಯಲ್ಲಿ ನೆನೆದ ಅಕ್ಕಿಬೇಳೆಯ ನೀರು ಬಸಿಯುತ್ತಿದ್ದರು. ಗಂಡ ನಡುದಾರಿಯಿಂದ ಹಿಂದಿರುಗಿದರೆ ಎಂದು ಇಷ್ಟು ದಿನವೂ, ಅವರಿಗೆ ತಿಳಿಸದೆ, ಎರಡನೆಯ ಹುಗ್ಗಿಗೆ ಸಿದ್ಧವಾಗಿಟ್ಟುಕೊಳ್ಳುತ್ತಿದ್ದರಂತೆ.

ಚನ್ನರಾಯಪ್ಪನವರ ಮಾತನ್ನು ಕೇಳಿ ಆಕೆ ನಕ್ಕರು. "ಹಾಗಾದ್ರೆ ನಾಳೆಯಿಂದ ನೆನೆಹಾಕಲ್ಲ. ಇವತ್ತಿನದನ್ನ ರುಬ್ಬಿ ದೋಸೆ ಹುಯ್ತೀನಿ, ಕೈಕಾಲು ತೊಳ್ಕೊಂಡು ಬನ್ನಿ."