ಮುನ್ನುಡಿ ಬರೆದ ಪ್ರೊಫೆಸರರು

ಪ್ರೊಫೆಸರ್ ಹರ್ಬರ್ಟ್ ಹೇಡಿ. ಎರಡು ವರ್ಷ ಯೋಚಿಸಿ ವಾರಿಜಾ ಈ ತೀರ್ಮಾನಕ್ಕೆ ಬಂದಿದ್ದಳು. ಅದನ್ನು ಬದಲಿಸುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

ಹರ್ಬರ್ಟ್ ಮಂಗಳೂರಿನ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಸಾಹಿತ್ಯ ಕಲಿಸಿದವರು. ಹೆಂಡತಿ ಮೊಲ್ಲಿಗೆ ಕುವೈತಿನಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಅವಳ ಹಿಂದೆಯೇ ಬಂದರು. ಇಲ್ಲಿನ ಕಾಲೇಜಿನಲ್ಲಿ ಅವರ ಪಾಲಿಗೆ ಬಂದದ್ದು ಇಂಗ್ಲಿಷ್ ವ್ಯಾಕರಣ. ಇಪ್ಪತ್ತು ವರ್ಷ ಹುಡುಗರಿಗೆ ರಜೆಯ ಅರ್ಜಿ ಬರೆಯುವುದನ್ನು ಹೇಳಿಕೊಟ್ಟರು. ಒಂದೇ ಒಂದು ಪದ್ಯ ಪಾಠ ಮಾಡುವ ಸಂದರ್ಭ ಬರಲಿಲ್ಲ.

ಹೀಗಾಗಿ ಸಾಹಿತ್ಯವೆಂಬುದು ಅವರ ಮನೆಗೆ ವರ್ಷಕ್ಕೊಮ್ಮೆ ವಿಮಾನದಲ್ಲಿ ಬರುತ್ತಿತ್ತು. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಊರಿನಿಂದ ಒಬ್ಬ ಸಾಹಿತಿಯನ್ನು ಕರೆಸುವುದು ವಾಡಿಕೆ. ಅವರು ಉಳಿಯುವುದು ಫಹಾಹೀಲಿನಲ್ಲಿ ಹರ್ಬರ್ಟರ ಫ್ಲ್ಯಾಟಿನಲ್ಲಿ. ಮೊಲ್ಲಿ ಡ್ಯೂಟಿ ಮುಗಿಸಿ ಬಂದು ಮೀನು ಕಾಯಿಸಬೇಕು. ಹರ್ಬರ್ಟ್ ಅತಿಥಿಯನ್ನು ಸಮುದ್ರದ ಬದಿಗೆ ಕರೆದುಕೊಂಡು ಹೋಗಿ ಅವರ ಮಾತು ಕೇಳಬೇಕು. ಹೆಸರು ಮಾಡಿದ ಹತ್ತು ಹನ್ನೆರಡು ಮಂದಿ ಹೀಗೆ ಸ್ನೇಹಿತರಾದರು. ಹಸ್ತಪ್ರತಿ ಕಳಿಸುತ್ತಿದ್ದರು, ಹರ್ಬರ್ಟ್ ತಿದ್ದಿ ಕೊಡುತ್ತಿದ್ದರು. ಅಚ್ಚಾದ ಪುಸ್ತಕದಲ್ಲಿ ಅವರ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ.

“ನಮಗೆಲ್ಲ ವೀಸಾ ಕೊಡುವ ಒಬ್ಬ ಕಫೀಲ್ ಸಾಕು. ಇವರಿಗೆ ಊರಿನ ಸಾಹಿತಿಗಳೂ ಕಫೀಲರು. ಅವರು ಕೈ ಬಿಟ್ರೆ ಇವರ ಇಕಾಮಾ ಖಲಾಸ್, ಇಲ್ಲಿರುವ ಪರ್ಮಿಟ್ಟೇ ಇಲ್ಲ” ಎಂದು ಮೊಲ್ಲಿ ಜನರೆದುರೇ ಹೇಳುತ್ತಿದ್ದಳು. ಹರ್ಬರ್ಟ್ ನಗುತ್ತಿದ್ದರು.

ವಾರಿಜಾ ಕುವೈತಿನ ಸಲ್ವಾ ಬಡಾವಣೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಶುಕ್ರವಾರಗಳಲ್ಲಿ ಸಂಘದ ಮಕ್ಕಳಿಗೆ ಕನ್ನಡ ಕಲಿಸುವ ಟೀಚರ್. ಅವಳ ಅಮ್ಮ ಅದೇ ಸಲ್ವಾದ ಮನೆಯೊಂದರಲ್ಲಿ ಹನ್ನೊಂದು ವರ್ಷ ಕೆಲಸಕ್ಕಿದ್ದವಳು. ಮನೆಯ ಯಜಮಾನಿಗೆ ಅವಳ ಹೆಸರು ಬಾಯಿಗೆ ಬರಲಿಲ್ಲವೆಂದು ಬೇರೆ ಹೆಸರಿಟ್ಟಿದ್ದರು. ಊರಿಗೆ ಮರಳಿದ ದಿನ ವಿಮಾನ ನಿಲ್ದಾಣದಲ್ಲಿ ಅಮ್ಮನ ಅಣ್ಣ ಹೆಸರು ಹಿಡಿದು ಮೂರು ಸಲ ಕೂಗಿದರೂ ಅವಳು ತಿರುಗಲಿಲ್ಲ. ಯಾರನ್ನು ಕರೆಯುತ್ತಿದ್ದಾನೆಂದು ಅತ್ತಿತ್ತ ನೋಡುತ್ತ ನಿಂತಿದ್ದಳು. ಅಮ್ಮ ತೀರಿಕೊಂಡ ಮೇಲೆ ವಾರಿಜಾ ಇದನ್ನು ಕತೆಯಾಗಿ ನೋಟ್‌ಬುಕ್ಕಿನಲ್ಲಿ ಬರೆದಳು. ಆ ಹೆಂಗಸು ಹೀಗೆ ಬದುಕಿದ್ದಳು ಎನ್ನುವುದಕ್ಕೆ ಬೇರೆ ದಾಖಲೆ ಇರಲಿಲ್ಲ.

ಹರ್ಬರ್ಟ್ ಓದಿ ಮೆಚ್ಚಿದರು. ಆ ವರ್ಷ ಮತ್ತೆ ಅತಿಥಿಯಾಗಿ ಬಂದಿದ್ದ ಹಳೆಯ ಸ್ನೇಹಿತ, ಕತೆಗಾರ ಲೋಕನಾಥರು ಮರುದಿನ ಹೊರಡುವವರಿದ್ದರು. ಗಲ್ಫಿನವರಿಗೆ ಒಂದು ಅಭ್ಯಾಸವುಂಟು: ಮದ್ದಾಗಲಿ, ಸರ್ಟಿಫಿಕೇಟಾಗಲಿ, ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿಟ್ಟರೆ ತಲುಪಿದಂತೆಯೇ ಲೆಕ್ಕ. ಪತ್ರಿಕೆಗೆ ಕೊಡಲೆಂದು ನೋಟ್‌ಬುಕ್ ಲೋಕನಾಥರ ಪೆಟ್ಟಿಗೆ ಸೇರಿತು. ಅದರ ಫೋಟೊ ತೆಗೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕತೆ ಒಂದು ದೀಪಾವಳಿ ವಿಶೇಷಾಂಕದಲ್ಲಿ ಬಂತು, ಲೋಕನಾಥರ ಹೆಸರಿನಲ್ಲಿ. ಸಲ್ವಾ ಹೋಗಿ ದೋಹಾ ಆಗಿತ್ತು. ಉಳಿದದ್ದೆಲ್ಲ ಹಾಗೇ ಇತ್ತು.

“ಸರ್, ಇದು ನನ್ನಮ್ಮನ ಕತೆ” ಎಂದು ವಾರಿಜಾ ಸಂಚಿಕೆಯನ್ನು ಅವರ ಮುಂದಿಟ್ಟಳು.

ಹರ್ಬರ್ಟ್ ಬಹಳ ಹೊತ್ತು ಕನ್ನಡಕ ಒರೆಸಿದರು. “ಹೌದು ಮಾರಾಯ್ತಿ. ಆದ್ರೆ ಈಗ ಎಂತ ಮಾಡುದು? ಅವರು ದೊಡ್ಡ ಜನ.”

“ಒಂದು ಮಾತು ಕೇಳಬಹುದಲ್ಲ ನಿಮಗೆ?”

“ಕೇಳಿದ್ರೆ ಇಪ್ಪತ್ತು ವರ್ಷದ ಸ್ನೇಹ ಹೋಗ್ತದೆ.”

“ನೋಟ್‌ಬುಕ್ಕಾದ್ರೂ ತರಿಸಿ ಕೊಡಿ.”

“ನೋಡುವ, ನೋಡುವ.”

ನೋಡಲಿಲ್ಲ. ಬದಲಿಗೆ, ಆ ಕತೆಯೂ ಸೇರಿದ್ದ ಲೋಕನಾಥರ ಹೊಸ ಸಂಕಲನಕ್ಕೆ ಮುನ್ನುಡಿ ಬರೆದರು. ಇಷ್ಟು ವರ್ಷಗಳ ಸೇವೆಗೆ ಅವರ ಹೆಸರು ಅಚ್ಚಾದದ್ದು ಅದೇ ಮೊದಲು.

ಈ ಫೆಬ್ರವರಿಯಲ್ಲಿ ಪುಸ್ತಕ ಬಿಡುಗಡೆ ಕುವೈತಿನಲ್ಲೇ ಆಯಿತು. ಲೋಕನಾಥರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಹರ್ಬರ್ಟ್ ಮೈಕಿನ ಮುಂದೆ ನಿಂತು, ದುಡಿಯಲು ಹೋದ ಹೆಣ್ಣಿನ ಮನಸ್ಸನ್ನು ಇಷ್ಟು ಹತ್ತಿರದಿಂದ ಕಂಡ ಲೇಖಕ ಅಪರೂಪ ಎಂದರು. ಹಿಂದಿನ ಸಾಲಿನಲ್ಲಿ ಮೊಲ್ಲಿ ವಾರಿಜಾಳ ಕಿವಿಯಲ್ಲಿ, “ಎದ್ದು ಹೋಗಿ ಉಗಿ. ನಾನು ತಡೆಯುದಿಲ್ಲ” ಎಂದಳು.

“ನಿಮ್ಮ ಗಂಡ ಅಲ್ವಾ ಮೊಲ್ಲಿಯಕ್ಕ!”

“ಅದಕ್ಕೇ ಹೇಳಿದ್ದು.”

ಸಭೆ ಮುಗಿಯಿತು. ಮೇಜಿನ ಹಿಂದೆ ಲೋಕನಾಥರು ಸಹಿ ಹಾಕಲು ಕುಳಿತರು. ಮುನ್ನುಡಿಕಾರರ ಸಹಿಯೂ ಬೇಕೆಂದು ಯಾರೋ ಕೇಳಿದ್ದರಿಂದ ಹರ್ಬರ್ಟರೂ ಪಕ್ಕದಲ್ಲಿ ಕುಳಿತರು. ವಾರಿಜಾ ಸಾಲಿನಲ್ಲಿ ನಿಲ್ಲಲಿಲ್ಲ, ಪುಸ್ತಕ ಕೊಳ್ಳಲೂ ಇಲ್ಲ. ಚಹಾ ಕುಡಿದು ಹೊರಡುವುದರಲ್ಲಿದ್ದಳು. ಅಷ್ಟರಲ್ಲಿ ಅವಳ ಕನ್ನಡ ತರಗತಿಯ ನವ್ಯಶ್ರೀ ಸಹಿ ಹಾಕಿಸಿದ ಪುಸ್ತಕ ಹಿಡಿದು ಓಡಿ ಬಂದಳು.

“ಟೀಚರ್, ಪ್ರೊಫೆಸರ್ ಅಂಕಲ್ ನಡುವಲ್ಲಿ ಏನೋ ಬರ್ದಿದ್ದಾರೆ. ಐ ಕಾಂಟ್ ರೀಡ್ ದಿಸ್ ಹ್ಯಾಂಡ್‌ರೈಟಿಂಗ್. ನಿಮ್ಮ ಹೆಸ್ರು ಮಾತ್ರ ಗೊತ್ತಾಯ್ತು.”

ಎಂಬತ್ತಮೂರನೆಯ ಪುಟ. ಕತೆಯ ತಲೆಬರಹದ ಕೆಳಗೆ ನೀಲಿ ಶಾಯಿಯಲ್ಲಿ, ತಿದ್ದುವವರ ಸಣ್ಣ ಅಕ್ಷರಗಳಲ್ಲಿ ಹೀಗಿತ್ತು: ‘ಈ ಕತೆ ವಾರಿಜಾ ಅವರದು. ಅವರ ಹಸ್ತಪ್ರತಿಯನ್ನು ಲೇಖಕರಿಗೆ ಕೊಟ್ಟವನು ನಾನು. ಹರ್ಬರ್ಟ್.’

“ವಾಟ್ ಡಸ್ ಇಟ್ ಸೇ, ಟೀಚರ್?”

ವಾರಿಜಾ ಮೇಜಿನ ಕಡೆ ನೋಡಿದಳು. ಲೋಕನಾಥರು ಯಾರದೋ ಹೆಗಲ ಮೇಲೆ ಕೈಯಿಟ್ಟು ಸೆಲ್ಫಿಗೆ ನಗುತ್ತಿದ್ದರು. ಸಾಲಿನಲ್ಲಿ ಇನ್ನೂ ಇಪ್ಪತ್ತು ಜನರಿದ್ದರು. ಹರ್ಬರ್ಟ್ ತಲೆ ಎತ್ತಲಿಲ್ಲ. ಮುಂದಿನವರ ಪ್ರತಿ ತೆಗೆದುಕೊಂಡು, ತಮ್ಮ ಮುನ್ನುಡಿಯನ್ನು ದಾಟಿ, ಎಂಬತ್ತಮೂರನೆಯ ಪುಟ ಬಿಡಿಸಿ ಬರೆಯತೊಡಗಿದರು.